ಪಾಸ್‌ವರ್ಡ್ ಬದಲಾಯಿಸಿದರೂ ಖಾತೆ ಮತ್ತೆ ಕೈತಪ್ಪುತ್ತಿದೆಯಾ? ಸ್ಟೀಲರ್ ಹೊಕ್ಕ ಮೇಲೆ ಯಾವುದು ಮೊದಲು, ಯಾವುದು ಆಮೇಲೆ

ಕಳೆದ ಕೆಲವು ತಿಂಗಳಿಂದ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಜಿಮೇಲ್ ಹ್ಯಾಕ್ ಆಯ್ತು, ಪಾಸ್‌ವರ್ಡ್ ಬದಲಾಯಿಸಿದೆ. ಎರಡೇ ದಿನಕ್ಕೆ ಮತ್ತೆ ಹ್ಯಾಕ್ ಆಯ್ತು. ಒಟಿಪಿ ಕೂಡ ಆನ್ ಇತ್ತು. ಇನ್ನೇನು ಮಾಡಲಿ?"

ಇವರು ಮಾಡಿದ ಕೆಲಸಗಳೆಲ್ಲ ಸರಿಯೇ. ಮಾಡಿದ ಕ್ರಮ ತಪ್ಪು. ಇಂಥ ಕಡೆ ಕಂಪ್ಯೂಟರಿಗೆ ಹೊಕ್ಕಿರುವುದು ಸಾಮಾನ್ಯವಾಗಿ ಸ್ಟೀಲರ್, ಅಂದರೆ ಪಾಸ್‌ವರ್ಡ್, ಲಾಗಿನ್ ಮಾಹಿತಿ ಕದ್ದು ಕಳಿಸುವ ಸಾಫ್ಟ್‌ವೇರ್.

ನನಗೆ ಪರಿಚಯದವರೊಬ್ಬರು ಡಿಟಿಪಿ ಅಂಗಡಿ ನಡೆಸುತ್ತಾರೆ. ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಒಂದರ ಕ್ರ್ಯಾಕ್ (ದುಡ್ಡು ಕೊಡದೆ ಓಡಿಸಲು ಬೀಗ ಒಡೆದ ಪ್ರತಿ) ಹಾಕಿಕೊಂಡ ಮಾರನೇ ದಿನ ಅವರ ಅಂಗಡಿಯ ಫೇಸ್‌ಬುಕ್ ಪೇಜ್ ಹೋಯಿತು. ಅದರ ಹಿಂದೆಯೇ ಇಮೇಲ್ ಹೋಯಿತು. ಅದೇ ಕಂಪ್ಯೂಟರ್ ಮುಂದೆ ಕೂತು ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದರು. ಮೂರು ಸಲವೂ ಹೊಸ ಪಾಸ್‌ವರ್ಡ್ ಕಳ್ಳನ ಕೈಗೇ ಹೋಯಿತು. ನಾಲ್ಕನೇ ಸಲ ಆ ಕಂಪ್ಯೂಟರ್ ಮುಟ್ಟದೆ ಅವರ ಮಗಳ ಫೋನ್‌ನಿಂದ ಶುರು ಮಾಡಿದೆವು. ಒಂದು ಭಾನುವಾರ ಪೂರ್ತಿ ಹಿಡಿಯಿತು, ಆದರೆ ಖಾತೆಗಳು ಉಳಿದವು. ಅವತ್ತು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಇದು ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡವರಿಗಾಗಿ ಬರೆದದ್ದು. ಫೋನ್‌ಗೆ ನಕಲಿ ಆ್ಯಪ್ ಹಾಕಿಕೊಂಡವರಿಗೆ ಕೊನೆಯ ಹತ್ತಿರ ಬೇರೆ ಭಾಗ ಇದೆ.

## ಕೈ ಹಾಕುವ ಮೊದಲು ಇಷ್ಟು ತಿಳಿದಿರಲಿ

ನಿಮ್ಮ ಕಂಪ್ಯೂಟರಿಗೆ ಹೊಕ್ಕಿದ್ದನ್ನು ಬರೆದವನು ಒಬ್ಬ, ನಿಮ್ಮ ಮೇಲೆ ಬಿಟ್ಟವನು ಇನ್ನೊಬ್ಬ, ಅದರಿಂದ ಲಾಭ ಮಾಡುವವನು ಮತ್ತೊಬ್ಬ. ಮಾಲ್‌ವೇರ್, ಅಂದರೆ ಇಂಥ ಕೇಡಿನ ಸಾಫ್ಟ್‌ವೇರ್, ಈಗ ತಿಂಗಳ ಬಾಡಿಗೆಗೆ ಸಿಗುತ್ತದೆ. ರಕೂನ್ ಎಂಬ ಸ್ಟೀಲರ್ ತಿಂಗಳಿಗೆ ಸುಮಾರು 200 ಡಾಲರ್‌ಗೆ ಸಿಗುತ್ತಿತ್ತು. ಲುಮ್ಮಾ ಎಂಬ ಇನ್ನೊಂದರ ಬಾಡಿಗೆ 250 ಡಾಲರ್‌ನಿಂದ ಶುರುವಾಗುತ್ತಿತ್ತು. ಬಾಡಿಗೆ ಕಟ್ಟಿದವನಿಗೆ ಕೋಡ್ ಬರೆಯಲು ಬರಬೇಕಿಲ್ಲ. ಸಿದ್ಧ ಮಾಲ್‌ವೇರ್, ಕದ್ದ ಮಾಹಿತಿ ನೋಡುವ ಪುಟ, ಆಗಾಗ ಅಪ್‌ಡೇಟ್, ಎಲ್ಲವೂ ಬಾಡಿಗೆಯೊಳಗೇ ಬರುತ್ತವೆ.

ಅಪ್‌ಡೇಟ್ ಅನ್ನುವುದು ಬಾಯಿಮಾತಲ್ಲ. 2024ರ ಜುಲೈನಲ್ಲಿ ಕ್ರೋಮ್ ಬ್ರೌಸರ್ ವಿಂಡೋಸ್‌ನಲ್ಲಿ ಕುಕಿಗಳಿಗೆ (ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಡುವ ಗುರುತುಗಳಿಗೆ) ಹೊಸ ಬೀಗ ಹಾಕಿತು. ಕೆಲವೇ ವಾರಗಳಲ್ಲಿ ಹಲವು ಸ್ಟೀಲರ್‌ಗಳು ಆ ಬೀಗ ಒಡೆಯುವ ಹೊಸ ಆವೃತ್ತಿ ತಂದವು. ನಿಮ್ಮ ಆ್ಯಂಟಿವೈರಸ್‌ಗೆ ನಿನ್ನೆಯ ಮಾಲ್‌ವೇರ್ ಗೊತ್ತಿರುತ್ತದೆ, ಇವತ್ತಿನದು ಗೊತ್ತಿರದೇ ಇರಬಹುದು.

ಸ್ಟೀಲರ್ ನಿಮ್ಮ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಕುಕಿ, ಕಾರ್ಡ್ ವಿವರ, ಕ್ರಿಪ್ಟೋ ವಾಲೆಟ್, ಡೆಸ್ಕ್‌ಟಾಪ್‌ನಲ್ಲಿ ಬಿದ್ದಿರುವ ಟೆಕ್ಸ್ಟ್ ಫೈಲ್‌ಗಳನ್ನು ಒಟ್ಟು ಮಾಡಿ ಒಂದು ಕಟ್ಟು ಮಾಡಿ ಕಳಿಸುತ್ತದೆ. ಈ ದಂಧೆಯಲ್ಲಿ ಆ ಕಟ್ಟಿಗೆ ಲಾಗ್ ಅನ್ನುತ್ತಾರೆ. ಒಬ್ಬರಿಗೆ ಮಾರಿದ ಲಾಗ್ ಇನ್ನೊಬ್ಬರಿಗೂ ಮಾರಾಟ ಆಗುತ್ತದೆ, ಕೊನೆಗೆ ಬಿಟ್ಟಿಯಾಗಿ ಹಂಚಿಕೆಯೂ ಆಗುತ್ತದೆ. 2023ರ ಏಪ್ರಿಲ್‌ನಲ್ಲಿ ಪೊಲೀಸರು ಮುಚ್ಚಿಸಿದ ಜೆನೆಸಿಸ್ ಮಾರ್ಕೆಟ್‌ನಲ್ಲಿ ಸುಮಾರು 15 ಲಕ್ಷ ಕಂಪ್ಯೂಟರ್‌ಗಳ ಮಾಹಿತಿ ಮಾರಾಟಕ್ಕಿತ್ತು. ಕೆಲವದರ ಬೆಲೆ ಒಂದು ಡಾಲರ್ ಕೂಡ ಇರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಅರ್ಥವಾಗಬೇಕಾದದ್ದು ಕುಕಿ. ನೀವು ಒಂದು ಸಲ ಪಾಸ್‌ವರ್ಡ್, ಒಟಿಪಿ ಎರಡೂ ಕೊಟ್ಟು ಒಳಗೆ ಹೋದ ಮೇಲೆ ವೆಬ್‌ಸೈಟ್ ನಿಮ್ಮ ಬ್ರೌಸರ್‌ಗೆ ಒಂದು ಗುರುತು ಕೊಡುತ್ತದೆ. ಬಸ್ ಪಾಸ್ ಇದ್ದ ಹಾಗೆ. ಪಾಸ್ ತೋರಿಸಿದರೆ ಕಂಡಕ್ಟರ್ ಮತ್ತೆ ದುಡ್ಡು ಕೇಳುವುದಿಲ್ಲ, ಅಲ್ವಾ? ಆ ಪಾಸ್ ಕದ್ದು ತೋರಿಸಿದವನನ್ನೂ ವೆಬ್‌ಸೈಟ್ ಏನೂ ಕೇಳುವುದಿಲ್ಲ. "ಒಟಿಪಿ ಆನ್ ಇದ್ದರೂ ಹೇಗೆ ಹೋಯ್ತು?" ಎಂಬ ಪ್ರಶ್ನೆಗೆ ಇದೇ ಉತ್ತರ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಎಂಬ ದೊಡ್ಡ ಯೂಟ್ಯೂಬ್ ಚಾನೆಲ್ ಕೈತಪ್ಪಿದ್ದು ಕೂಡ ಹೀಗೇ. ತಂಡದ ಒಬ್ಬರು ಪ್ರಾಯೋಜಕರ ದಾಖಲೆ ಎಂದುಕೊಂಡು ಫೈಲ್ ತೆರೆದರು, ಲಾಗಿನ್ ಗುರುತು ಕಳುವಾಯಿತು. ಇಡೀ ದಿನ ತಂತ್ರಜ್ಞಾನದ ಜೊತೆಗೇ ಇರುವವರಿಗೂ ಹೀಗಾಗಿದೆ, ಆದ್ದರಿಂದ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಹಾಗಾಗಿ ಬೀಗ ಬದಲಾಯಿಸಿದರೆ ಸಾಲದು, ಒಳಗೆ ಕೂತವನನ್ನು ಹೊರಗೆ ಹಾಕಬೇಕು. ಅದನ್ನೂ ಅವನ ಕಣ್ಣಿಲ್ಲದ ಜಾಗದಿಂದ ಮಾಡಬೇಕು.

## ಸ್ಟೀಲರ್ ಬಂದಿದೆ ಎಂದು ಅನುಮಾನ ಪಡಬೇಕಾದ ಲಕ್ಷಣಗಳು

- ನೀವು ಕೇಳದೆ ಒಟಿಪಿ ಬರುತ್ತಿದೆ. "ಹೊಸ ಸಾಧನದಿಂದ ಲಾಗಿನ್" ಎಂಬ ಇಮೇಲ್ ಬಂದಿದೆ, ಅಥವಾ ಅಂಥ ಇಮೇಲ್ ಓದಿದ ಗುರುತಿನೊಂದಿಗೆ ಟ್ರ್ಯಾಶ್‌ನಲ್ಲಿ ಬಿದ್ದಿದೆ.
- ಕ್ರ್ಯಾಕ್, ಗೇಮ್ ಚೀಟ್, ಆ್ಯಕ್ಟಿವೇಟರ್ ಹಾಕಿದಿರಿ. ಒಂದು ಕಪ್ಪು ಕಿಟಕಿ ಮಿಂಚಿ ಮಾಯವಾಯಿತು, ಸಾಫ್ಟ್‌ವೇರ್ ಮಾತ್ರ ತೆರೆಯಲೇ ಇಲ್ಲ.
- ಆ್ಯಂಟಿವೈರಸ್ ತಾನಾಗಿಯೇ ಆಫ್ ಆಗಿದೆ, ಅಥವಾ ಇಡೀ ಸಿ ಡ್ರೈವ್ ಪರೀಕ್ಷೆಯಿಂದ ಹೊರಗುಳಿದ ಪಟ್ಟಿಗೆ ಸೇರಿದೆ.
- ನಿಮ್ಮ ಫೇಸ್‌ಬುಕ್ ಪೇಜ್‌ನಿಂದ ಗೊತ್ತಿಲ್ಲದ ಜಾಹೀರಾತು ಓಡುತ್ತಿದೆ, ಸ್ನೇಹಿತರಿಗೆ ನಿಮ್ಮ ಹೆಸರಲ್ಲಿ ಹಣ ಕೇಳುವ ಸಂದೇಶ ಹೋಗಿದೆ.

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು: ಸ್ಕ್ಯಾನ್ ಮಾಡುತ್ತಾರೆ, ಏನೂ ಸಿಗುವುದಿಲ್ಲ, ನಿರಾಳರಾಗುತ್ತಾರೆ. ಎಷ್ಟೋ ಸ್ಟೀಲರ್‌ಗಳು ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಸಿ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಕಳ್ಳ ಮನೆಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಒಡವೆ ಪೆಟ್ಟಿಗೆಯಲ್ಲೇ ಇದೆ ಅಂತಲ್ಲ. ಸ್ಕ್ಯಾನ್ ಏನೇ ಹೇಳಲಿ, ಮೇಲಿನ ಲಕ್ಷಣಗಳಲ್ಲಿ ಎರಡು ಕಂಡರೆ ಮುಂದಿನ ಹಂತಗಳನ್ನು ಮಾಡಿ.

## ಏನೇನು ಬೇಕು

ಒಂದು ಸ್ವಚ್ಛ ಸಾಧನ ಬೇಕು. ಅನುಮಾನ ಇರುವ ಕಂಪ್ಯೂಟರ್ ಬಿಟ್ಟು ಬೇರೆ ಯಾವುದಾದರೂ ಆಗುತ್ತದೆ, ಹಂತ 6ಕ್ಕೆ ಮಾತ್ರ ಸ್ವಚ್ಛ ಕಂಪ್ಯೂಟರೇ ಬೇಕು. ನಿಮ್ಮ ಫೋನ್ ಆಗಬಹುದು, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಬರುವ ಆ್ಯಪ್) ಹಾಕಿಕೊಂಡ ಫೋನ್ ಬೇಡ. ಸೈಬರ್ ಸೆಂಟರ್‌ನ ಕಂಪ್ಯೂಟರ್ ಖಂಡಿತ ಬೇಡ.

ಒಂದು ನೋಟ್‌ಬುಕ್, ಪೆನ್ನು. ಹೌದು, ಕಾಗದವೇ ಬೇಕು. ಆಮೇಲೆ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್, ಫೋಟೋ ಮತ್ತು ದಾಖಲೆ ಇಡಲು ಬೇರೆ ಹಾರ್ಡ್ ಡಿಸ್ಕ್, ನಿಮ್ಮ ಸಿಮ್ ಇರುವ ಫೋನ್, ಬ್ಯಾಂಕಿನ ಸಹಾಯವಾಣಿ ಸಂಖ್ಯೆ. ಆ ಸಂಖ್ಯೆಯನ್ನು ಕಾರ್ಡಿನ ಹಿಂಭಾಗದಿಂದ ಬರೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ, ನಕಲಿ ಸಹಾಯವಾಣಿಗಳು ಅಲ್ಲೇ ಕಾಯುತ್ತಿರುತ್ತವೆ.

ಕನಿಷ್ಠ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಿ ನಾಳೆ ನೋಡೋಣ ಅಂದರೆ ಕಳ್ಳನಿಗೆ ಆ ರಾತ್ರಿ ಸಿಕ್ಕಂತೆ.

## ಹಂತ 1: ನೆಟ್ ಕಡಿಯಿರಿ, ಕಂಪ್ಯೂಟರ್ ಮುಟ್ಟಬೇಡಿ

ವೈಫೈ ಆಫ್ ಮಾಡಿ. ಕೇಬಲ್ ಇದ್ದರೆ ಕಿತ್ತುಬಿಡಿ. ಈ ಕಂಪ್ಯೂಟರ್‌ನಲ್ಲಿ ಇನ್ನು ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ. ಬ್ಯಾಂಕ್ ತೆರೆಯಬೇಡಿ, ಇಮೇಲ್ ತೆರೆಯಬೇಡಿ. ಒಂದಿಷ್ಟು ಮಾಲ್‌ವೇರ್‌ಗಳು ಅಳಿಸಿಕೊಂಡು ಹೋಗುವ ಬದಲು ಅಲ್ಲೇ ಕೂತು ನೀವು ಒತ್ತುವ ಕೀಲಿಗಳನ್ನು ಬರೆದುಕೊಳ್ಳುತ್ತವೆ. ನಿಮ್ಮಲ್ಲಿರುವುದು ಯಾವ ಜಾತಿಯದು ಎಂದು ಹುಡುಕುತ್ತಾ ಕೂರಬೇಡಿ.

ಆ ಅನುಮಾನದ ಫೈಲನ್ನು ಅಳಿಸುವ ಮೊದಲು ಅದರ ಹೆಸರು, ಎಲ್ಲಿಂದ ಇಳಿಸಿಕೊಂಡಿರಿ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ದೂರು ಕೊಡುವಾಗ ಬೇಕಾಗುತ್ತದೆ.

## ಹಂತ 2: ಹಣ ಹೋಗಿದ್ದರೆ ಅದೇ ಮೊದಲು

ಖಾತೆಯಿಂದ ಹಣ ಹೋಗಿದ್ದರೆ ಮಿಕ್ಕಿದ್ದೆಲ್ಲ ಬದಿಗಿಟ್ಟು 1930ಕ್ಕೆ ಕರೆ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ವಂಚನೆ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ತಡೆಹಿಡಿಯುವುದೇ ಇದರ ಉದ್ದೇಶ. ಹಾಗಾಗಿ ಗಂಟೆಗಳ ಲೆಕ್ಕ ಅಲ್ಲ, ನಿಮಿಷಗಳ ಲೆಕ್ಕ. ವಹಿವಾಟಿನ ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ದಾಖಲಿಸಿ. ಕರ್ನಾಟಕದಲ್ಲಿ ಇರುವವರು ತಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬಹುದು.

ನಂತರ ಬ್ಯಾಂಕಿಗೆ ಹೇಳಿ ಕಾರ್ಡ್, ನೆಟ್ ಬ್ಯಾಂಕಿಂಗ್ ಎರಡನ್ನೂ ನಿಲ್ಲಿಸಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ, ಬೇರೆಲ್ಲೋ ಆದ ಲೋಪ ಎಂದಾದರೆ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರು ನಷ್ಟ ಹೊರಬೇಕಿಲ್ಲ. ಗ್ರಾಹಕರ ಅಜಾಗರೂಕತೆ ಎಂದೇ ಆದರೂ, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅಂದರೆ ಯಾವ ಲೆಕ್ಕದಲ್ಲಿ ನೋಡಿದರೂ ಬೇಗ ತಿಳಿಸಿದವರಿಗೆ ಲಾಭ. "ನನ್ನದೇ ತಪ್ಪು, ಏನಂತ ಹೇಳಲಿ" ಎಂದು ನಾಚಿಕೆ ಪಟ್ಟು ಒಂದು ದಿನ ಸುಮ್ನೆ ಕಳೆದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಹಣ ಹೋಗಿಲ್ಲವಾದರೆ ನೇರ ಹಂತ 3ಕ್ಕೆ ಹೋಗಿ.

## ಹಂತ 3: ಪಟ್ಟಿ ಬರೆಯಿರಿ

ಆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಿದ್ದ, ಅಥವಾ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸಿದ್ದ ಎಲ್ಲ ಖಾತೆಗಳನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ. ನೆನಪಿನಿಂದ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಕ್ರೋಮ್‌ನಲ್ಲಿ ಸಿಂಕ್ ಆನ್ ಇದ್ದರೆ ಸ್ವಚ್ಛ ಫೋನ್‌ನಲ್ಲೇ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆರೆದು ನೋಡಿ. ಮರೆತೇ ಹೋಗಿದ್ದ ಖಾತೆಗಳು ಅಲ್ಲಿ ಸಿಗುತ್ತವೆ. ಡಿಟಿಪಿ ಅಂಗಡಿಯವರಿಗೆ ಹತ್ತು ಖಾತೆ ನೆನಪಿತ್ತು. ಪಟ್ಟಿಯಲ್ಲಿ ಸಿಕ್ಕಿದ್ದು ಅರವತ್ತಕ್ಕೂ ಜಾಸ್ತಿ.

ಮನೆಯ ಬೇರೆಯವರು, ಅಂಗಡಿಯ ಕೆಲಸಗಾರರು ಅದೇ ಕಂಪ್ಯೂಟರ್ ಬಳಸಿದ್ದರೆ ಅವರನ್ನೂ ಕೂರಿಸಿಕೊಂಡು ಕೇಳಿ. ಗಿರಾಕಿಯೊಬ್ಬರು ಅರ್ಜಿ ತುಂಬಲು ತಮ್ಮ ಇಮೇಲ್ ತೆರೆದಿದ್ದರೆ ಅವರಿಗೂ ಹೇಳಲೇಬೇಕು. ಆ ಫೋನ್ ಕರೆ ಮಾಡುವುದು ಕಷ್ಟ ಅಂತ ನನಗೆ ಗೊತ್ತು. ಆದರೂ ಮಾಡಿ.

ಪಟ್ಟಿಯನ್ನು ಹೀಗೆ ಜೋಡಿಸಿ: ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಮತ್ತು ಹಣದ ಖಾತೆಗಳು, ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟೆಲಿಗ್ರಾಮ್‌ನಂಥವು, ಕೊನೆಗೆ ಉಳಿದದ್ದು. ಕ್ರಿಪ್ಟೋ ವಾಲೆಟ್ ಇದ್ದರೆ ಮಾತ್ರ ಅದು ಇಮೇಲ್‌ಗಿಂತಲೂ ಮೊದಲು, ಹೇಗೆಂದು ಹಂತ 5ರಲ್ಲಿ ನೋಡಿ.

## ಹಂತ 4: ಇಮೇಲ್ ಖಾತೆ ಹಿಡಿತಕ್ಕೆ ತೆಗೆದುಕೊಳ್ಳಿ

ಇಲ್ಲಿ ಅವಸರ ಬೇಡ. ಇಮೇಲ್ ಕಳ್ಳನ ಕೈಯಲ್ಲಿ ಇರುವವರೆಗೆ ಉಳಿದ ಯಾವ ಖಾತೆಗೆ ಹೊಸ ಪಾಸ್‌ವರ್ಡ್ ಇಟ್ಟರೂ ಅವನು "ಪಾಸ್‌ವರ್ಡ್ ಮರೆತಿದ್ದೇನೆ" ಒತ್ತಿ ವಾಪಸ್ ತೆಗೆದುಕೊಳ್ಳುತ್ತಾನೆ. ಫೇಸ್‌ಬುಕ್‌ನಿಂದ ಶುರು ಮಾಡಿದವರೆಲ್ಲ ಸೋಲುವುದು ಇದಕ್ಕೇ.

ಸ್ವಚ್ಛ ಸಾಧನದಲ್ಲಿ, ಗೂಗಲ್ ಖಾತೆಯ ಸೆಕ್ಯುರಿಟಿ ಪುಟ ತೆರೆದು ಈ ಕ್ರಮದಲ್ಲಿ ಹೋಗಿ.

4.1 ಪಾಸ್‌ವರ್ಡ್ ಬದಲಾಯಿಸಿ. ಹಳೆಯದಕ್ಕೆ ಒಂದು ಅಂಕಿ ಸೇರಿಸಿದರೆ ಅದು ಹೊಸ ಪಾಸ್‌ವರ್ಡ್ ಅಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ.

4.2 "ಯುವರ್ ಡಿವೈಸಸ್" ಭಾಗಕ್ಕೆ ಹೋಗಿ, ನೀವು ಈಗ ಹಿಡಿದಿರುವ ಸಾಧನ ಬಿಟ್ಟು ಉಳಿದ ಎಲ್ಲದರಿಂದಲೂ ಸೈನ್ ಔಟ್ ಮಾಡಿ. ಅನುಮಾನದ ಕಂಪ್ಯೂಟರ್ ನಿಮ್ಮದೇ ಆದರೂ ಸೈನ್ ಔಟ್ ಮಾಡಲೇಬೇಕು, ಏಕೆಂದರೆ ಕದ್ದ ಕುಕಿ ಅದರದ್ದೇ. "ಅದು ನನ್ನ ಲ್ಯಾಪ್‌ಟಾಪ್ ಅಲ್ವಾ, ಇರಲಿ" ಎಂದು ಬಿಟ್ಟವರ ಖಾತೆ ಮತ್ತೆ ಹೋಗಿದೆ. ಬಸ್ ಪಾಸ್ ರದ್ದಾಗುವುದು ಈ ಹೆಜ್ಜೆಯಲ್ಲಿ.

4.3 ರಿಕವರಿ ಫೋನ್, ರಿಕವರಿ ಇಮೇಲ್ ಎರಡೂ ನಿಮ್ಮವೇ ಎಂದು ನೋಡಿ. ಕಳ್ಳರು ತಮ್ಮದೊಂದನ್ನು ಸೇರಿಸಿಟ್ಟು ತಿಂಗಳು ಬಿಟ್ಟು ಬರುತ್ತಾರೆ.

4.4 ಎರಡು ಹಂತದ ಪರಿಶೀಲನೆಯ ಪುಟದಲ್ಲಿ ನಿಮಗೆ ಗೊತ್ತಿಲ್ಲದ ಪಾಸ್‌ಕೀ (ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನ್ ಲಾಕ್‌ನಿಂದ ತೆರೆಯುವ ಕೀಲಿ), ಅಥೆಂಟಿಕೇಟರ್ (ಲಾಗಿನ್ ಕೋಡ್ ತೋರಿಸುವ ಆ್ಯಪ್), ಫೋನ್ ಸಂಖ್ಯೆ ಇದ್ದರೆ ತೆಗೆದುಹಾಕಿ. ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆದು ಕಾಗದದಲ್ಲಿ ಬರೆದಿಡಿ. ಆ್ಯಪ್ ಪಾಸ್‌ವರ್ಡ್ ಎಂಬ ಪಟ್ಟಿ ಇದ್ದರೆ ಪೂರ್ತಿ ಖಾಲಿ ಮಾಡಿ.

4.5 ನಿಮ್ಮ ಗೂಗಲ್ ಖಾತೆ ಬಳಸಲು ಯಾವ ಆ್ಯಪ್‌ಗಳಿಗೆ ಅನುಮತಿ ಇದೆ ನೋಡಿ. ಗೊತ್ತಿಲ್ಲದ್ದನ್ನು ಕಿತ್ತುಹಾಕಿ.

4.6 ಇನ್ನು ಜಿಮೇಲ್ ಒಳಗಿನ ಸೆಟ್ಟಿಂಗ್ಸ್. ಇದನ್ನು ಬಹುತೇಕ ಎಲ್ಲರೂ ಬಿಡುತ್ತಾರೆ, ಏಕೆಂದರೆ ಫೋನಿನ ಜಿಮೇಲ್ ಆ್ಯಪ್‌ನಲ್ಲಿ ಇದು ಕಾಣುವುದೇ ಇಲ್ಲ. ಬ್ರೌಸರ್‌ನಲ್ಲಿ ಡೆಸ್ಕ್‌ಟಾಪ್ ಸೈಟ್ ಆಯ್ಕೆ ಮಾಡಿ ಜಿಮೇಲ್ ತೆರೆಯಿರಿ. ಫಾರ್ವರ್ಡಿಂಗ್‌ನಲ್ಲಿ ಬೇರೆಯವರ ವಿಳಾಸ ಇದೆಯೇ? ಫಿಲ್ಟರ್‌ಗಳಲ್ಲಿ "ಬ್ಯಾಂಕಿನ ಇಮೇಲ್ ನೇರ ಟ್ರ್ಯಾಶ್‌ಗೆ" ಎಂಬಂಥ ನಿಯಮ ಇದೆಯೇ? ಖಾತೆ ಬಳಸಲು ಬೇರೆಯವರಿಗೆ ಅಧಿಕಾರ ಕೊಟ್ಟಿದೆಯೇ? ಡಿಟಿಪಿ ಅಂಗಡಿಯವರ ಖಾತೆಯಲ್ಲಿ ಫೇಸ್‌ಬುಕ್‌ನಿಂದ ಬರುವ ಪ್ರತಿ ಇಮೇಲನ್ನೂ ಅಳಿಸುವ ಫಿಲ್ಟರ್ ಇತ್ತು. ಎಚ್ಚರಿಕೆಯ ಇಮೇಲ್ ಒಂದೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೇ ಇಮೇಲ್ ಖಾತೆ ಇದ್ದರೆ ಅದಕ್ಕೂ ಇದೇ ಆರು ಹೆಜ್ಜೆ.

## ಹಂತ 5: ಉಳಿದ ಖಾತೆಗಳು

ಪಟ್ಟಿ ಹಿಡಿದು ಒಂದೊಂದಾಗಿ ಹೋಗಿ. ಪ್ರತಿ ಖಾತೆಯಲ್ಲೂ ಎರಡು ಕೆಲಸ: ಹೊಸ ಪಾಸ್‌ವರ್ಡ್, ಮತ್ತು ಎಲ್ಲ ಸಾಧನಗಳಿಂದ ಲಾಗ್ ಔಟ್. ಎರಡನೆಯದನ್ನು ಮಾಡಿ ಆಗುವವರೆಗೆ ನೋಟ್‌ಬುಕ್‌ನಲ್ಲಿ ಗೀಟು ಹಾಕಬೇಡಿ.

ಕೆಲವು ಖಾತೆಗಳಿಗೆ ಬೇರೆ ಎಚ್ಚರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಎಲ್ಲವನ್ನೂ ಲಾಗ್ ಔಟ್ ಮಾಡಿ, ಎರಡು ಹಂತದ ಪಿನ್ ಇಡಿ. ಟೆಲಿಗ್ರಾಮ್ ಕಂಪ್ಯೂಟರ್‌ನಲ್ಲಿ ಇದ್ದರೆ ಅದರ ಲಾಗಿನ್ ಫೋಲ್ಡರ್ ಕೂಡ ಸ್ಟೀಲರ್‌ಗಳು ಎತ್ತಿಕೊಂಡು ಹೋಗುತ್ತವೆ. ಡಿವೈಸಸ್ ಭಾಗದಲ್ಲಿ ಉಳಿದ ಎಲ್ಲ ಸೆಷನ್ ಮುಗಿಸಿ. ಫೇಸ್‌ಬುಕ್ ಪೇಜ್ ನಡೆಸುವವರು ಪೇಜ್‌ಗೆ ಹೊಸ ಅಡ್ಮಿನ್ ಸೇರಿದ್ದಾರೆಯೇ, ಜಾಹೀರಾತು ಖಾತೆಗೆ ಯಾವ ಕಾರ್ಡ್ ಜೋಡಿಸಿದೆ ಎಂದು ನೋಡಿ.

ಕ್ರಿಪ್ಟೋ ವಾಲೆಟ್ ಇದ್ದವರು ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾಗಬೇಡಿ. ಅಲ್ಲಿ ಕಳುವಾಗಿರುವುದು ಮೂಲ ಕೀಲಿ, ಅದನ್ನು ಬದಲಾಯಿಸಲು ಆಗುವುದಿಲ್ಲ. ಸ್ವಚ್ಛ ಸಾಧನದಲ್ಲಿ ಹೊಸ ವಾಲೆಟ್ ಮಾಡಿ, ಇರುವುದನ್ನೆಲ್ಲ ಅಲ್ಲಿಗೆ ಸಾಗಿಸಿ. ಇಂಥ ವಾಲೆಟ್ ಇದ್ದರೆ ಇದನ್ನು ಇಮೇಲ್‌ಗಿಂತಲೂ ಮೊದಲು ಮಾಡಿ.

ಆಧಾರ್, ಪ್ಯಾನ್ ಸ್ಕ್ಯಾನ್‌ಗಳು ಡೆಸ್ಕ್‌ಟಾಪ್‌ನಲ್ಲಿ ಇದ್ದವೇ? ಹಾಗಿದ್ದರೆ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತನ್ನು ಆಧಾರ್ ಕೊಡುವ ಸಂಸ್ಥೆ ಯುಐಡಿಎಐಯ ಜಾಲತಾಣದಲ್ಲಿ ಲಾಕ್ ಮಾಡಿ. ಬೇಕಾದಾಗ ತೆರೆಯಬಹುದು.

## ಹಂತ 6: ವಿಂಡೋಸ್ ಹೊಸದಾಗಿ ಹಾಕಿ

ಖಾತೆಗಳು ಕೈಗೆ ಬಂದ ಮೇಲೆ ಕಂಪ್ಯೂಟರ್ ಸರದಿ. ಮೊದಲೇ ಫಾರ್ಮ್ಯಾಟ್ ಮಾಡಿ ಕೂತರೆ ಆ ಎರಡು ಗಂಟೆಯಲ್ಲಿ ಕಳ್ಳ ಬೇರೆ ಕಡೆಯಿಂದ ನಿಮ್ಮ ಖಾತೆಗಳಲ್ಲಿ ಓಡಾಡುತ್ತಿರುತ್ತಾನೆ. ಅವನಿಗೆ ನಿಮ್ಮ ಕಂಪ್ಯೂಟರ್ ಬೇಕಿಲ್ಲ, ಲಾಗ್ ಅವನ ಹತ್ತಿರ ಇದೆ.

"ಕ್ಲೀನ್ ಮಾಡುವ ಸಾಫ್ಟ್‌ವೇರ್ ಹಾಕಿದರೆ ಸಾಲದೇ?" ಎಂದು ಕೇಳುತ್ತಾರೆ. ನನ್ನ ಉತ್ತರ: ಸಾಲದು. ಸ್ಟೀಲರ್ ಜೊತೆಗೆ ಇನ್ನೊಂದು ಮಾಲ್‌ವೇರ್ ಕೂಡ ಬಂದಿರುವ ಸಂಭವ ಇರುತ್ತದೆ. ಏನು ಉಳಿದಿದೆ ಎಂದು ಖಚಿತವಾಗಿ ಹೇಳಲು ಮನೆಯಲ್ಲಿ ಕೂತು ಆಗುವುದಿಲ್ಲ.

1. ಫೋಟೋ, ಪಿಡಿಎಫ್, ವರ್ಡ್, ಎಕ್ಸೆಲ್, ವಿನ್ಯಾಸದ ಫೈಲ್‌ಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಅದಕ್ಕೂ ಮೊದಲು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೆಸರಿನ ಬಾಲ ಕಾಣುವಂತೆ ಮಾಡಿ. ಇಎಕ್ಸ್‌ಇ, ಎಂಎಸ್‌ಐ, ಬ್ಯಾಟ್, ಎಸ್‌ಸಿಆರ್, ಎಲ್‌ಎನ್‌ಕೆ, ಐಎಸ್‌ಒ ಎಂಬ ಬಾಲ ಇದ್ದರೆ, ಅಥವಾ ಪಾಸ್‌ವರ್ಡ್ ಹಾಕಿದ ಜಿಪ್ ಇದ್ದರೆ ಬಿಟ್ಟುಬಿಡಿ.
2. ಬೇರೆ ಸ್ವಚ್ಛ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಜಾಲತಾಣದ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ತಯಾರಿಸಿ. ಸೋಂಕಿನ ಕಂಪ್ಯೂಟರ್‌ನಲ್ಲೇ ತಯಾರಿಸಬೇಡಿ.
3. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಡಿಸ್ಕಿನ ಎಲ್ಲ ಪಾರ್ಟಿಷನ್ ಅಳಿಸಿ ಹಾಕಿ. ಡಿ ಡ್ರೈವ್ ಹಾಗೇ ಇರಲಿ ಎಂದು ಬಿಟ್ಟರೆ ಆ ಕ್ರ್ಯಾಕ್ ಫೈಲ್ ಅಲ್ಲೇ ಕಾಯುತ್ತದೆ. ಅಳಿಸುವ ಮೊದಲು ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ಇನ್ನೊಮ್ಮೆ ನೋಡಿ.
4. ಉತ್ಪನ್ನ ಕೀಲಿ ಕೇಳಿದರೆ, ಮೊದಲು ಅಸಲಿ ವಿಂಡೋಸ್ ಇದ್ದ ಕಂಪ್ಯೂಟರ್‌ನಲ್ಲಿ "ನನ್ನ ಹತ್ತಿರ ಕೀಲಿ ಇಲ್ಲ" ಎಂಬುದನ್ನು ಒತ್ತಿ, ಅದೇ ಆವೃತ್ತಿ ಆಯ್ಕೆ ಮಾಡಿ ಮುಂದೆ ಹೋಗಿ. ನೆಟ್ ಸಿಕ್ಕ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಆ್ಯಕ್ಟಿವೇಟ್ ಆಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಹೊಸದಾಗಿ ಹಾಕುತ್ತಿದ್ದೀರಿ, ಕಂಪ್ಯೂಟರ್‌ಗೆ ತಾಕತ್ತಿದ್ದರೆ 11 ಹಾಕಿ.

ಕ್ರೋಮ್ ಹಾಕಿ ಸಿಂಕ್ ಆನ್ ಮಾಡಿದ ತಕ್ಷಣ ಹಳೆಯ ಎಕ್ಸ್‌ಟೆನ್ಷನ್‌ಗಳೂ ವಾಪಸ್ ಬರುತ್ತವೆ. ಪಟ್ಟಿ ನೋಡಿ, ನೀವೇ ಹಾಕಿದ್ದು ಎಂದು ನೆನಪಿಲ್ಲದ್ದನ್ನು ತೆಗೆಯಿರಿ.

## ಹಂತ 7: ಮತ್ತೆ ಒಳಗೆ ಬರದ ಹಾಗೆ

ಸ್ಟೀಲರ್ ಒಳಗೆ ಬರುವುದು ಸಾಮಾನ್ಯವಾಗಿ ನೀವೇ ಬಾಗಿಲು ತೆಗೆದಾಗ. ಅದಕ್ಕೇ ಕಳ್ಳರ ಶ್ರಮವೆಲ್ಲ ನಿಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುವುದರಲ್ಲಿ ಇರುತ್ತದೆ.

ಕ್ರ್ಯಾಕ್ ಬೇಡ. ನಮ್ಮ ಊರುಗಳ ಡಿಟಿಪಿ, ಸ್ಟುಡಿಯೋ ಅಂಗಡಿಗಳಲ್ಲಿ ಇದು ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು. ಅಸಲಿ ಸಾಫ್ಟ್‌ವೇರ್ ದುಬಾರಿ ಅನ್ನುವುದು ನಿಜ. ಆದರೆ ಬಿಟ್ಟಿ ಸಿಗುವ ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಕಲಿಯಲು ಎರಡು ವಾರ ಸಾಕು. "ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂದು ಯಾವ ಪುಟ ಹೇಳಿದರೂ ಅಲ್ಲಿಗೇ ನಿಲ್ಲಿಸಿ. ಜಿಪ್‌ಗೆ 1234 ಎಂಬಂಥ ಪಾಸ್‌ವರ್ಡ್ ಹಾಕಿ, ಅದನ್ನು ಪಕ್ಕದಲ್ಲೇ ಬರೆದಿದ್ದರೆ, ಅದು ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದೇ ಮಾಡಿದ್ದು.

ಈಗ ಜಾಸ್ತಿ ಓಡುತ್ತಿರುವ ಇನ್ನೊಂದು ಉಪಾಯ ನಕಲಿ ಕ್ಯಾಪ್ಚಾ. "ನೀವು ರೋಬೋಟ್ ಅಲ್ಲ ಎಂದು ತೋರಿಸಿ" ಎಂಬ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ನೀವು ಒತ್ತಿದರೆ, ಆ ಪುಟ ನಿಮಗೆ ಗೊತ್ತಿಲ್ಲದಂತೆ ನಕಲು ಮಾಡಿಟ್ಟ ಆಜ್ಞೆಯನ್ನು ನಿಮ್ಮ ಕೈಯಿಂದಲೇ ಓಡಿಸಿದಂತೆ. ಯಾವ ನಿಜವಾದ ಕ್ಯಾಪ್ಚಾ ಕೂಡ ಬ್ರೌಸರ್ ಬಿಟ್ಟು ಹೊರಗೆ ಹೋಗಲು ಹೇಳುವುದಿಲ್ಲ. ಬುಕಿಂಗ್ ಡಾಟ್ ಕಾಮ್ ಹೆಸರಿನ ನಕಲಿ ಇಮೇಲ್ ಕಳಿಸಿ ಹೋಟೆಲ್‌ನವರನ್ನು ಹೀಗೆ ಬೀಳಿಸಿದ ಬಗ್ಗೆ 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ದಾಳಿಗೆ ಗುರಿಯಾದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾ ಕೂಡ ಇತ್ತು. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇ ನಡೆಸುವವರು ಇದನ್ನು ಎರಡು ಸಲ ಓದಿ. "ಅತಿಥಿಯೊಬ್ಬರು ದೂರು ಕೊಟ್ಟಿದ್ದಾರೆ" ಎಂಬ ಇಮೇಲ್ ಬಂದರೆ ಅದರೊಳಗಿನ ಕೊಂಡಿ ಒತ್ತದೆ, ನೀವೇ ಆ್ಯಪ್ ತೆರೆದು ನೋಡಿ.

ಉಳಿದವು ಚಿಕ್ಕ ಕೆಲಸಗಳು. ಪಾಸ್‌ವರ್ಡ್‌ಗಳನ್ನು ಬ್ರೌಸರ್ ಬದಲು ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಿ. ಸಿಗುವ ಕಡೆಯಲ್ಲೆಲ್ಲ ಪಾಸ್‌ಕೀ ಮಾಡಿ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಬಳಕೆದಾರ ಖಾತೆ ಬಳಸಿ. ಬ್ಯಾಂಕ್ ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿದರೆ ಸಾಲದು, ಲಾಗ್ ಔಟ್ ಒತ್ತಿ. ಮಕ್ಕಳು ಗೇಮ್ ಆಡುವ ಕಂಪ್ಯೂಟರ್‌ನಲ್ಲಿ ಅಂಗಡಿಯ ಲೆಕ್ಕ, ಬ್ಯಾಂಕ್ ಬೇಡವೇ ಬೇಡ.

## ಕಂಪ್ಯೂಟರ್ ಅಲ್ಲ, ಫೋನಿಗೆ ಎಪಿಕೆ ಹಾಕಿಕೊಂಡಿದ್ದರೆ

ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್‌ಗಳ ಮುಖ್ಯ ಗುರಿ ನಿಮ್ಮ ಎಸ್‌ಎಂಎಸ್, ಅಂದರೆ ಒಟಿಪಿ. ಇಲ್ಲಿ ಕ್ರಮ ಬೇರೆ.

1. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ.
2. ಸಿಮ್ ತೆಗೆದು ಬೇರೆ ಫೋನ್‌ಗೆ ಹಾಕಿ. ಇದನ್ನು ಮರೆಯಬೇಡಿ. ಒಟಿಪಿಗಳು ಇನ್ನು ಅಲ್ಲಿಗೆ ಬರುತ್ತವೆ, ಕಳ್ಳನ ಆ್ಯಪ್‌ಗೆ ಸಿಗುವುದಿಲ್ಲ.
3. ಆ ಬೇರೆ ಫೋನ್‌ನಿಂದ ಬ್ಯಾಂಕಿಗೆ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಕಾಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕರೆಗಳು ಬೇರೆ ಸಂಖ್ಯೆಗೆ ಫಾರ್ವರ್ಡ್ ಆಗುತ್ತಿವೆಯೇ ಎಂದೂ ನೋಡಿ.
4. ಅಲ್ಲಿಂದಲೇ ಹಂತ 4, 5 ಮಾಡಿ.
5. ಕೊನೆಗೆ ಸೋಂಕಿನ ಫೋನಿನ ಫೋಟೋ, ಸಂಪರ್ಕಗಳು ಬೇರೆ ಕಡೆ ಉಳಿದಿವೆಯೇ ನೋಡಿ ಫ್ಯಾಕ್ಟರಿ ರಿಸೆಟ್ ಮಾಡಿ. ಐಕಾನ್ ಕಾಣುತ್ತಿಲ್ಲ ಎಂದರೆ ಆ್ಯಪ್ ಹೋಗಿದೆ ಎಂದಲ್ಲ. ಇಂಥ ಆ್ಯಪ್‌ಗಳು ಐಕಾನ್ ಬಚ್ಚಿಟ್ಟುಕೊಳ್ಳುತ್ತವೆ.

## ಹಂತ 8: ಮುಂದಿನ ಕೆಲವು ತಿಂಗಳು ಕಣ್ಣಿಡಿ

ಲಾಗ್ ಒಮ್ಮೆ ಹೊರಗೆ ಹೋದರೆ ವಾಪಸ್ ಬರುವುದಿಲ್ಲ. 2024ರಲ್ಲಿ ಸ್ನೋಫ್ಲೇಕ್ ಎಂಬ ಮಾಹಿತಿ ಸಂಗ್ರಹ ಸೇವೆಯ ಗ್ರಾಹಕ ಸಂಸ್ಥೆಗಳ ಮೇಲೆ ನಡೆದ ದಾಳಿಯನ್ನೇ ನೋಡಿ. ಅಪಾಯವಿದೆ ಎಂದು ಸುಮಾರು 165 ಸಂಸ್ಥೆಗಳಿಗೆ ತಿಳಿಸಬೇಕಾಯಿತು. ಕಳ್ಳರು ಬಳಸಿದ್ದು ಸ್ಟೀಲರ್‌ಗಳು ಕದ್ದಿದ್ದ ಪಾಸ್‌ವರ್ಡ್‌ಗಳನ್ನು, ಅದರಲ್ಲಿ ಕೆಲವು 2020ರಲ್ಲೇ ಕದ್ದವು. ನಾಲ್ಕು ವರ್ಷ ಯಾರೂ ಬದಲಾಯಿಸಿರಲಿಲ್ಲ, ಎರಡನೇ ಹಂತದ ಪರಿಶೀಲನೆಯೂ ಆ ಖಾತೆಗಳಿಗೆ ಇರಲಿಲ್ಲ. ನಿಮ್ಮ ಪಟ್ಟಿಯ ಕೊನೆಯಲ್ಲಿರುವ "ಇದೇನು ಮುಖ್ಯ ಅಲ್ಲ" ಅನ್ನಿಸುವ ಖಾತೆಯನ್ನೂ ಬಿಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಆ ಕಂಪ್ಯೂಟರ್‌ನಲ್ಲಿ ಕಚೇರಿಯ ಇಮೇಲ್ ಅಥವಾ ವಿಪಿಎನ್ (ಹೊರಗಿನಿಂದ ಕಚೇರಿಯ ಜಾಲಕ್ಕೆ ಸೇರುವ ದಾರಿ) ತೆರೆದಿದ್ದರೆ ಕಚೇರಿಯ ಐಟಿ ವಿಭಾಗಕ್ಕೆ ಅವತ್ತೇ ತಿಳಿಸಿ. ಸಂಸ್ಥೆಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು ಎಂಬ ನಿರ್ದೇಶನ 2022ರಿಂದ ಇದೆ.

ವಾರಕ್ಕೊಮ್ಮೆ ಗೂಗಲ್ ಖಾತೆಯ ಸಾಧನಗಳ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಹ್ಯಾವ್ ಐ ಬೀನ್ ಪೋನ್ಡ್ ಎಂಬ ಉಚಿತ ಜಾಲತಾಣದಲ್ಲಿ ನಿಮ್ಮ ಇಮೇಲ್ ನೋಂದಾಯಿಸಿ. ಸ್ಟೀಲರ್ ಲಾಗ್‌ಗಳಲ್ಲಿ ನಿಮ್ಮ ವಿಳಾಸ ಸಿಕ್ಕರೆ ಅದು ತಿಳಿಸುತ್ತದೆ. ಅಲ್ಲಿ ಹೆಸರಿಲ್ಲ ಅಂದರೆ ಕಳುವೇ ಆಗಿಲ್ಲ ಅಂತ ಅರ್ಥ ಅಲ್ಲ, ಎಲ್ಲ ಲಾಗ್‌ಗಳೂ ಅವರ ಕೈಗೆ ಸಿಗುವುದಿಲ್ಲ.

ಇನ್ನೊಂದು ಇಮೇಲ್ ಬರಬಹುದು. "ನಿನ್ನ ಕ್ಯಾಮೆರಾದಿಂದ ವಿಡಿಯೋ ತೆಗೆದಿದ್ದೇನೆ, ಹಣ ಕಳಿಸು" ಎಂದು ಹೆದರಿಸಿ, ನಂಬಿಕೆ ಬರಲಿ ಎಂದು ನಿಮ್ಮ ನಿಜವಾದ ಹಳೆಯ ಪಾಸ್‌ವರ್ಡ್ ತೋರಿಸುತ್ತಾರೆ. ಅದು ಹಂಚಿಕೆಯಾದ ಲಾಗ್‌ನಿಂದ ಎತ್ತಿಕೊಂಡದ್ದು. ಇಂಥ ಇಮೇಲ್‌ಗಳಲ್ಲಿ ಬಹುತೇಕ ಎಲ್ಲವೂ ಸಾವಿರಾರು ಜನಕ್ಕೆ ಒಟ್ಟಿಗೆ ಹೋದ ಒಂದೇ ಬರಹ. ಉತ್ತರ ಕೊಡಬೇಡಿ, ಹಣ ಕಳಿಸಬೇಡಿ. ನೋಟ್‌ಬುಕ್ ತೆಗೆದು ಆ ಪಾಸ್‌ವರ್ಡ್ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದೆಯೇ ನೋಡಿ, ಇದ್ದರೆ ಆ ಸಂಜೆಯೇ ಬದಲಾಯಿಸಿ.